ಹತ್ತು ಲಕ್ಷದ ಸೈನ್ಯಕ್ಕೆ ಅನ್ನ ಎಲ್ಲಿಂದ?

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಮೂವತ್ತು ವರ್ಷ ಕೊಪ್ಪರಿಗೆಯ ಆವಿಗೆ ಬೆಂದು ಚರ್ಮ ನುಣುಪಾಗಿತ್ತು. ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರಿಗೆ ಅಜ್ಜೀಪುರದ ಹತ್ತಿರ ಊಟ ಹಾಕುವ ಪೆಂಡಾಲಿನಲ್ಲಿ ಅವರೇ ಮುಖ್ಯ ಅಡುಗೆಯವರು. ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆ.

ನಾನು ಬರೆಯುವುದು ರಾಜರು, ಮಾಂತ್ರಿಕರು, ರೆಕ್ಕೆಯ ಕುದುರೆಗಳ ಕಾದಂಬರಿ. ಹೊಸದರಲ್ಲಿ ಹತ್ತು ಲಕ್ಷ ಸೈನಿಕರನ್ನು ಒಂದೇ ಕಣಿವೆಗೆ ನುಗ್ಗಿಸಿದ್ದೆ. ಜಂಬದಿಂದ ಅವರಿಗೆ ಓದಿ ಹೇಳಿದೆ.

"ಅತ್ತು ಲಕ್ಷವಾ ಸಾ? ನೀರ್ ಯಾರ್ ಕೊಟ್ರು? ಮುಂದ್ಲೋನು ಉಂಡು ಕೈ ತೊಳಿಯೋವೊತ್ಗೆ ಇಂದ್ಲೋನು ಇನ್ನೂ ಮನೇನೇ ಬುಟ್ಟಿರಾಕಿಲ್ಲ."

"ಇದು ಕಲ್ಪನೆ ಅಣ್ಣಾ."

"ಒಟ್ಟೆನೂ ಕಲ್ಪನೆನಾ? ನಾಳಿಕ್ಕೆ ಪೆಂಡಾಲ್‌ಗೆ ಬನ್ನಿ."

ಮುನಿಸಿನಿಂದಲೇ ಹೋದೆ. ಮಟಮಟ ಮಧ್ಯಾಹ್ನ. ಎರಡು ಸಾವಿರ ಜನಕ್ಕೆ ಬೇಯಿಸಿದ್ದರು. ರಸ್ತೆ ತುಂಬ ಜನ ಬರುತ್ತಲೇ ಇದ್ದರು. ಅವರು ನನ್ನ ಕೈಗೆ ಮೈಕ್ ಕೊಟ್ಟು, ಸಾಲಾಗಿ ಬನ್ನಿ ಎಂದಷ್ಟೇ ಹೇಳಲು ತಿಳಿಸಿದ್ದರು. ಅನ್ನದ ರಾಶಿ ಇಳಿಯುವುದನ್ನು ಕಂಡು ನಾನು ಗಾಬರಿಯಾಗಿ, "ಅನ್ನ ಮುಗೀತಾ ಬಂತು, ಬೇಗ ಬನ್ನಿ!" ಎಂದುಬಿಟ್ಟೆ.

ಹಿಂದಿದ್ದವರು ನುಗ್ಗಿದರು. ಗೂಟ ಕಿತ್ತುಬಂದು, ಸಾಲಿಗೆ ಕಟ್ಟಿದ್ದ ಹಗ್ಗ ಬಿತ್ತು. ಕುದಿಯುವ ಸಾಂಬಾರಿನ ಕೊಪ್ಪರಿಗೆಗೂ ಮುಂದಿನ ಸಾಲಿಗೂ ನಾಲ್ಕೇ ಮಾರು. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಮುದುಕಿಯೊಬ್ಬಳನ್ನು ಜನ ನೇರವಾಗಿ ಅದರತ್ತ ತಳ್ಳುತ್ತಿದ್ದರು.

ಅವರು ಕೂಗಾಡಲಿಲ್ಲ. ಎಲೆಯ ಕಟ್ಟು, ಅನ್ನದ ಬಕೆಟ್ ಹಿಡಿದು ಜನರ ಎದುರಿಗೇ ಓಡಿದರು. ನೆಲಕ್ಕೆ ಎಲೆ ಹಾಸಿ, ಒಂದೊಂದಕ್ಕೂ ಹಿಡಿ ಅನ್ನ ಹಾಕುತ್ತ ಹೋದರು.

"ಕೂತ್ಕವ್ವಾ, ಬಡ್ಸಿವ್ನಿ, ಕೂತ್ಕ."

ಮುದುಕಿ ಕುಳಿತಳು. ಪಕ್ಕದವರೂ ಕುಳಿತರು. ಬಡಿಸಿದ ಎಲೆ ತುಳಿಯಲು ನಮ್ಮ ಕಡೆ ಯಾರಿಗೂ ಕಾಲು ಬರುವುದಿಲ್ಲ. ಹಿಂದಿನವರು ಇದ್ದಲ್ಲೇ ನಿಂತರು.

ಸಂಜೆ ಸುದ್ದಿ ಕೇಳಿ ಬಂದ, ಪೆಂಡಾಲು ನಡೆಸುವ ಸಮಿತಿಯವರು ಕೆಂಡವಾಗಿದ್ದರು. "ಮೈಕಲ್ಲಿ ಅಂಗಂದೋನ್ ಯಾವನ್ಲಾ?" ನಾನು ತಲೆ ಬಗ್ಗಿಸಿ ಮೈಕಿನ ವೈರು ಸುತ್ತತೊಡಗಿದೆ.

"ನಾನೇ ಸಾ," ಎಂದರು ಅವರು.

ಮರುವರ್ಷ ಅವರನ್ನು ಅಡುಗೆಗೆ ಕರೆಯಲಿಲ್ಲ. ಆಮೇಲೂ ಇಲ್ಲ. ಯಾಕಣ್ಣಾ ಹಾಗೆ ಹೇಳಿದ್ರಿ ಎಂದು ಕೇಳಿದ್ದಕ್ಕೆ, "ನಿಮ್ ಕೈಗೆ ಮೈಕ್ ಕೊಟ್ಟೋನ್ ನಾನಲ್ವಾ?" ಎಂದು ನಕ್ಕರು. ನನ್ನ ಸೈನ್ಯ ಎಂಟು ಸಾವಿರಕ್ಕಿಳಿಯಿತು. ಯುದ್ಧ ಕಣ್ಣೆದುರೇ ನಡೆದಂತಿದೆ ಎಂದು ಓದಿದವರು ಹೊಗಳಿದರು.

ಕಳೆದ ಶಿವರಾತ್ರಿಯಲ್ಲಿ ಅವರು ಜಗಲಿಯ ಮೇಲೆ ಕೂತು, ಬೆಟ್ಟಕ್ಕೆ ಹೊರಟವರನ್ನೆಲ್ಲ "ಉಂಡ್ರಾ?" ಎಂದು ಕೇಳುತ್ತಿದ್ದರು. ತಿಂಗಳೊಳಗೆ ತೀರಿಕೊಂಡರು. ತಿಥಿಯ ಊಟಕ್ಕೆ ಬಂದಿದ್ದ ಸಮಿತಿಯವರೊಬ್ಬರು, "ಒಳ್ಳೆ ಕೈ. ಆವತ್ತೊಂದಿನ ಬುದ್ಧಿ ಕೆಟ್ಟೋಗಿತ್ತು," ಎಂದರು. ಆಗಲೂ ನಾನು ತಲೆ ಬಗ್ಗಿಸಿ ಉಂಡೆ. ಹಾಗೆ ಕೂಗಿದವನು ನಾನು ಎಂದು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು.