ನನ್ನ ಕೀಲಿ ತಿದ್ದಿದ ಮಳೆ

ಮಳೆಯ ಅಳತೆಯನ್ನು ತಿದ್ದಿದ ಕೈ ಯಾವುದೆಂದು ವಿಚಾರಿಸದೆ, ಕೀಲಿ ಯಾರದೆಂದು ಮಾತ್ರ ನೋಡಿ, ಬೆಳೆಗಾರರ ಸಂಘದ ಆಡಳಿತ ಮಂಡಳಿ ನನ್ನನ್ನು ತಪ್ಪಿತಸ್ಥೆಯೆಂದು ಬರೆದಿಟ್ಟಿದೆ. ಇದನ್ನು ಅಚಾತುರ್ಯವೆಂದು ನಾನು ಒಪ್ಪುವುದಿಲ್ಲ. ಇದು ತಪ್ಪಿಸಿಕೊಳ್ಳುವ ದಾರಿ.

ಮೂಡಿಗೆರೆಯ ಆ ಕಚೇರಿಯಲ್ಲಿ ನಾನು ಎರಡು ಮಳೆಗಾಲ ಕಳೆದೆ. ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು ಬೆಳಗ್ಗೆ ಮಳೆಮಾಪಕ ನೋಡಿ ಫೋನಿನಲ್ಲಿ ಹೇಳುವ ಇಂಚುಗಳನ್ನು ದೂರದ ಸರ್ವರಿಗೆ ಸೇರಿಸುವುದು ನನ್ನ ಕೆಲಸ. ಅಲ್ಲಿಂದ ಎಲ್ಲ ಎಸ್ಟೇಟುಗಳಿಗೂ ಹೋಗುವ ಮಳೆಯ ಪಟ್ಟಿಯಲ್ಲಿ ನಾಲ್ಕು ಇಂಚು ದಾಟಿದರೆ ಮರುದಿನ ಆ ಎಸ್ಟೇಟಿನ ಇಳಿಜಾರಿಗೆ ಆಳುಗಳನ್ನು ಕಳಿಸಬಾರದೆಂಬುದು ಸಂಘವೇ ಮಾಡಿದ ನಿಯಮ.

ಸರ್ವರನ್ನು ತೆರೆಯಲು ನನ್ನ ಹೆಸರಿನ ಕೀಲಿಯೊಂದು ಕಂಪ್ಯೂಟರಿನಲ್ಲಿತ್ತು. ಅದಕ್ಕೆ ಉದ್ದನೆಯ ಪಾಸ್‌ವರ್ಡು. ಆದೇಶಗಳನ್ನು ಟೈಪಿಸುವ ಕಪ್ಪು ಪರದೆಯ ಹೊಸ ಟರ್ಮಿನಲ್ ಕಿಟಕಿ ತೆರೆದು ಸರ್ವರಿಗೆ ಹೋಗುವಾಗಲೆಲ್ಲ ಅದನ್ನು ಟೈಪಿಸಬೇಕಿತ್ತು. ಹಿಂದೆ ನಿಂತು ನೋಡುತ್ತಿದ್ದ ಸಂಘದ ಕಾರ್ಯದರ್ಶಿಗಳಿಗೆ ತಾಳ್ಮೆ ಇರಲಿಲ್ಲ.

"ಎಷ್ಟು ಸಲ ಬೀಗ ತೆಗೀತೀಯ ಮಾರಾಯ್ತಿ? ನಮ್ಮ ಕಾಫಿ ಗೋಡೌನಿಗೂ ಇಷ್ಟು ಇಲ್ಲ."

ಆ ಗೊಣಗಾಟಕ್ಕೆ ಸೋತು ಏಜೆಂಟ್ ಎಂಬ ಪ್ರೋಗ್ರಾಮನ್ನು ಹೊಂದಿಸಿದೆ. ಬೆಳಗ್ಗೆ ಒಮ್ಮೆ ಪಾಸ್‌ವರ್ಡು ಕೊಟ್ಟರೆ ಅದು ಕೀಲಿಯನ್ನು ಹಿಡಿದಿಟ್ಟುಕೊಂಡು ಎಲ್ಲ ಕಿಟಕಿಗಳಿಗೂ ಒದಗಿಸುತ್ತದೆ. ಆದರೆ ಆ ಕಂಪ್ಯೂಟರನ್ನು ತೆರೆಯಲು ಕಚೇರಿಯವರಿಗೆಲ್ಲ ಒಂದೇ ಲಾಗಿನ್. ಪ್ರತ್ಯೇಕ ಲಾಗಿನ್ ಬೇಕೆಂದು ಎರಡು ಬಾರಿ ಬರೆದುಕೊಟ್ಟೆ.

"ಒಂದೇ ಮನೆಯವರಿಗೆ ಎಷ್ಟು ಬೀಗ?" ಎಂದು ಕಾರ್ಯದರ್ಶಿಗಳು ನಕ್ಕರು. "ಆ ಕಪ್ಪು ಪರದೆ ನಂಗಂತೂ ತಲೆಬುಡ ಗೊತ್ತಾಗಲ್ಲ. ಯಾರು ಮುಟ್ತಾರೆ ಅದನ್ನ?"

ಆಷಾಢದ ಒಂದು ಬೆಳಗ್ಗೆ ಕಳಸದ ಕಡೆಯ ಎಸ್ಟೇಟೊಂದರಿಂದ ಐದೂವರೆ ಇಂಚು ಎಂದು ಫೋನು ಬಂತು. ಅಷ್ಟನ್ನೇ ಬರೆದು, ಕಿಟಕಿ ಮುಚ್ಚಿ, ಇನ್ನೊಂದು ಎಸ್ಟೇಟಿನ ಕೆಟ್ಟ ಮಾಪಕ ನೋಡಲು ಜೀಪು ಹತ್ತಿದೆ. ದಾರಿಗೆ ಮರ ಬಿದ್ದಿತ್ತು; ಮಧ್ಯಾಹ್ನದವರೆಗೆ ನಾನೂ ಜೀಪಿನ ಚಾಲಕರೂ ಅಲ್ಲೇ ಕುಳಿತೆವು.

ಮರುದಿನ, ಪಟ್ಟಿಯಲ್ಲಿ ತಡೆ ಇಲ್ಲದ್ದರಿಂದ, ಕಳಸದ ಕಡೆಯ ಆ ಎಸ್ಟೇಟಿನ ಇಳಿಜಾರಿಗೆ ಆಳುಗಳು ಇಳಿದರು. ಅವರು ಊಟಕ್ಕೆ ಮೇಲೆ ಬಂದ ಹೊತ್ತಿಗೆ ಕೆಳಗಿನ ದಾರಿ ಮಣ್ಣಿನೊಂದಿಗೆ ಜಾರಿಹೋಯಿತು. ಊಟದ ಹೊತ್ತು ಅವರನ್ನು ಉಳಿಸಿತು, ಸಂಘದ ನಿಯಮವಲ್ಲ. ರೈಟರು ಫೋನಿನಲ್ಲಿ ಕೂಗಿದರು: "ಐದೂವರೆ ಅಂದೆ ನಾನು! ಪಟ್ಟೀಲಿ ಒಂದೂವರೆ ಹ್ಯಾಗಾಯ್ತು?"

ಯಾವ ಕೀಲಿ ಯಾವಾಗ ಬಳಕೆಯಾಯಿತೆಂದು ದಾಖಲಿಸುವ ಸರ್ವರಿನ ಲಾಗ್ ತೆಗೆದು ನೋಡಿದೆ. ಹಿಂದಿನ ದಿನ ಹತ್ತೂವರೆಗೆ, ಕಚೇರಿಯ ಕಂಪ್ಯೂಟರಿನಿಂದ, ನನ್ನದೇ ಕೀಲಿಯಿಂದ ಐದೂವರೆ ಒಂದೂವರೆಯಾಗಿತ್ತು. ಕಿಟಕಿ ಮುಚ್ಚಿದರೂ ಏಜೆಂಟ್ ಸಾಯುವುದಿಲ್ಲ, ಕಂಪ್ಯೂಟರಿನ ಮುಂದೆ ಯಾರು ಕುಳಿತರೂ ನನ್ನ ಕೀಲಿಯನ್ನು ಒದಗಿಸುತ್ತದೆ ಎಂದು ನನಗೆ ಆಗ ತಿಳಿಯಿತು. ಆ ತಪ್ಪು ನನ್ನದು; ಮುಚ್ಚಿಡುವುದಿಲ್ಲ. ಆದರೆ ಟರ್ಮಿನಲ್ ನೆನಪಿಟ್ಟುಕೊಳ್ಳುವ ಆದೇಶಗಳ ಸಾಲುಗಳೂ ಮಾಯವಾಗಿದ್ದವು, ನಾನು ಬೆಳಗ್ಗೆ ಟೈಪಿಸಿದವೂ ಸೇರಿ. ಕಪ್ಪು ಪರದೆಯ ತಲೆಬುಡ ತಿಳಿಯದ ಕಚೇರಿಯಲ್ಲಿ ಗುರುತು ಅಳಿಸುವುದು ಯಾರಿಗೆ ತಿಳಿದಿತ್ತು? ಅಂದಿನಿಂದ ಕಾರ್ಯದರ್ಶಿಗಳು ನನ್ನ ಮೇಜಿನ ಹತ್ತಿರ ಬರುವುದನ್ನೇ ಬಿಟ್ಟದ್ದೇಕೆ? ಅಳತೆ ತಿದ್ದಿದ್ದರಿಂದ ಕೆಲಸ ನಿಲ್ಲದ ಆ ಎಸ್ಟೇಟಿನ ಮಾಲೀಕರು ಮಂಡಳಿಯ ಸದಸ್ಯರೂ ಹೌದು ಎಂಬುದನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲವೇಕೆ?

ಸಭೆಯಲ್ಲಿ ಅಧ್ಯಕ್ಷರು ಕೇಳಿದ್ದು ಒಂದೇ ಮಾತು: "ಕೀಲಿ ನಿಮ್ಮದೇ ತಾನೆ?"

"ಕೀಲಿ ನನ್ನದು. ಕೈ ನನ್ನದಲ್ಲ."

ಜೀಪಿನ ಚಾಲಕರು ಬಾಗಿಲ ಹೊರಗೆ ಕಾದಿದ್ದರು. "ಹತ್ತೂವರೆಗೆ ಇವರು ನನ್ನ ಜೀಪಲ್ಲಿ ಕೂತು ಚಕ್ಕುಲಿ ತಿಂತಿದ್ರು, ಮಾರಾಯ್ರೆ. ಕೇಳಿದ್ರೆ ಹೇಳ್ತೀನಿ," ಎಂದು ಗುಮಾಸ್ತರಿಗೆ ಎರಡು ಸಲ ಹೇಳಿದರು. ಅವರನ್ನು ಒಳಗೆ ಕರೆಯಲೇ ಇಲ್ಲ. ನನ್ನನ್ನು ಕೆಲಸದಿಂದ ತೆಗೆದ ಪತ್ರದಲ್ಲಿ 'ಉದ್ದೇಶಪೂರ್ವಕ ತಿದ್ದುಪಡಿ' ಎಂದಿದೆ. ಈಗ ನಾನು ಎಲ್ಲಿ ಕೆಲಸ ಕೇಳಿದರೂ ಆ ಎರಡು ಪದಗಳು ನನಗಿಂತ ಮೊದಲು ಅಲ್ಲಿಗೆ ತಲುಪಿರುತ್ತವೆ.

ಆದ್ದರಿಂದ ಮಂಡಳಿಯ ಮುಂದೆ ನನ್ನ ಬೇಡಿಕೆಯನ್ನು ಲಿಖಿತವಾಗಿ ಇಡುತ್ತಿದ್ದೇನೆ. ಅಂದು ಹತ್ತೂವರೆಗೆ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಯಾರಿದ್ದರೆಂದು ಸದಸ್ಯರಲ್ಲದವರಿಂದ ವಿಚಾರಣೆಯಾಗಲಿ. ಚಾಲಕರ ಹೇಳಿಕೆ ದಾಖಲಾಗಲಿ. ನಾನು ಬರೆದುಕೊಟ್ಟ ಎರಡು ಮನವಿಗಳು ಏನಾದವೆಂದು ತಿಳಿಸಿರಿ. ಒಬ್ಬೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಡುವವರೆಗೆ ಆ ಕಂಪ್ಯೂಟರಿನಿಂದ ಮಳೆಯ ಪಟ್ಟಿ ಹೊರಡಕೂಡದು. ವಿಚಾರಣೆ ಮುಗಿಯುವ ತನಕ ಆ ಎರಡು ಪದಗಳನ್ನು ಹಿಂತೆಗೆದುಕೊಳ್ಳಿರಿ. ಉತ್ತರ ಸಹಿಯೊಂದಿಗೆ ಬರಲಿ, ಸಹಿ ಹಾಕಿದವರ ಹೆಸರು ಸ್ಪಷ್ಟವಾಗಿರಲಿ.