ಅಟ್ಟದ ಮೇಲಿನ ಇಪ್ಪೆ ಮಡಕೆ

ಮೊನ್ನೆ ಮೊಮ್ಮಗ ಒಂದು ಜಿನ್ ಬಾಟಲಿ ತಂದು ಮೇಜಿನ ಮೇಲಿಟ್ಟ. ಹೂ ಹಾಕಿ, ಒಂದು ಸಲಕ್ಕೆ ಸ್ವಲ್ಪವೇ ಭಟ್ಟಿ ಇಳಿಸಿದ್ದಂತೆ. ಬಿರಡೆ ತೆಗೆದಾಗ ಸಂಪಿಗೆಯ ವಾಸನೆ ಬಂತು. ತೊಂಬತ್ತು ದಾಟಿದ ಮೂಗನ್ನು ಪೂರಾ ನಂಬುವಂತಿಲ್ಲ. ಆದರೂ ಮುಳ್ಳೂರಿನ ಪಕ್ಕದ ಮನೆ ಅಜ್ಜಿ ನೆನಪಾದಳು...

ಆಗ ನಾನು ಅಲ್ಲಿನ ಶಾಲೆಗೆ ಹೊಸ ಮೇಷ್ಟ್ರು. ಕೊಳ್ಳೇಗಾಲದ ಸೀಮೆ ಇನ್ನೂ ಮದರಾಸಿಗೆ ಸೇರಿತ್ತು. ಅಜ್ಜಿ ವರ್ಷಕ್ಕೊಮ್ಮೆ, ಇಪ್ಪೆ ಮರ ಹೂ ಬಿಟ್ಟಾಗ, ಒಂದೇ ಒಂದು ಮಡಕೆ ಸಾರಾಯಿ ಇಳಿಸುತ್ತಿದ್ದಳು. ಬೆಳಗಿನ ಜಾವ ಉದುರುವ ಹೂವನ್ನು ಹಳೆ ಸೀರೆ ಹಾಸಿ ಹಿಡಿದು, ಒಣಗಿಸಿ, ಬೆಲ್ಲದ ನೀರಿನಲ್ಲಿ ಹುಳಿ ಬರಲು ಬಿಡುತ್ತಿದ್ದಳು. ಆಮೇಲೆ ಒಲೆಯ ಮೇಲೆ ಮಡಕೆ, ಅದರ ಬಾಯಿಗೆ ಬಿದಿರಿನ ಕೊಳವೆ, ಸಂದಿಗೆಲ್ಲ ರಾಗಿ ಹಿಟ್ಟಿನ ಮೆತ್ತೆ. ಮಾಂಬಳ್ಳಿಗೆ ಕೊಟ್ಟ ಮಗಳು ಕಳಿಸುತ್ತಿದ್ದ ಸಂಪಿಗೆಯನ್ನು ಬಟ್ಟೆಯಲ್ಲಿ ಕಟ್ಟಿ, ಆವಿ ಹಾಯುವ ದಾರಿಯಲ್ಲಿ ತೂಗಿಬಿಡುತ್ತಿದ್ದಳು. ಮೊದಲು ತೊಟ್ಟಿಕ್ಕಿದ್ದನ್ನು ಮರದ ಬುಡಕ್ಕೆ ಸುರಿಯುವುದು ಪದ್ಧತಿ. ಉಳಿದದ್ದು ಬಾಣಂತಿಯರಿಗೆ, ನಾಟಿ ಮಾಡಿ ಸೊಂಟ ಹಿಡಿದವರಿಗೆ.

ಮಡಕೆ ಅವಳ ಅತ್ತೆಯ ಅತ್ತೆ ಕಾಲದ್ದು, ಕರ್ರಗೆ ಹೊಳೆಯುತ್ತಿತ್ತು. ಹೊಸ ಮಡಕೆ ಏಳು ವರ್ಷ ಮಣ್ಣಿನ ವಾಸನೆಯನ್ನೇ ಇಳಿಸುತ್ತದೆ, ಹೂವಿನ ವಾಸನೆ ಅದಕ್ಕೆ ದಕ್ಕುವುದಿಲ್ಲ ಎನ್ನುತ್ತಿದ್ದಳು. ವರ್ಷವಿಡೀ ಅದು ಅಟ್ಟದ ಮೇಲೆ, ರಾಗಿ ತುಂಬಿಡುವ ವಾಡೆಯ ಹಿಂದೆ ಇರುತ್ತಿತ್ತು.

ಪಾನನಿರೋಧ ಬಂದ ಮೇಲೆ ಸುತ್ತಮುತ್ತ ಇಳಿಸುವವರೆಲ್ಲ ಕಾಡು ಸೇರಿದರು. ಅಜ್ಜಿ ಮಾತ್ರ ನನ್ನ ಜಗಲಿಗೆ ಬಂದು ಕೂತಳು.

"ದೊರೆಗೊಳ್ಗೆ ಒಂದರ್ಜಿ ಬರ್ದ್‌ಕೊಡಿ ಮೇಷ್ಟ್ರೇ. ವರ್ಸಕ್ಕೊಂದೇ ಮಡ್ಕೆ ಅಂತ ಬರೀರಿ. ಈ ವಯಸ್ನಲ್ಲಿ ಕದ್ದು ಮಾಡಾಕೆ ನಂಗಾಗಕಿಲ್ಲ."

ಬೇಡ ಎನ್ನಬಹುದಿತ್ತು. ಆದರೆ ಅರ್ಜಿ ಬರೆಯುವುದರಲ್ಲಿ ನನಗೆ ಸ್ವಲ್ಪ ಜಂಬ. ಸತ್ಯ ಪೂರ್ತಿಯಾಗಿದ್ದರೆ ಅಧಿಕಾರಿಗಳ ಮನಸ್ಸು ಕರಗುತ್ತದೆ ಎಂದು ನಂಬಿದ್ದ ವಯಸ್ಸು. ಮಡಕೆಯ ಅಳತೆ, ಅದರ ವಂಶಾವಳಿ, ಇಡುವ ಜಾಗ, ಇಳಿಸುವ ತಿಂಗಳು, ಒಂದನ್ನೂ ಬಿಡದೆ ನಾಲ್ಕು ಪುಟ ಬರೆದೆ. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಉತ್ತರವಾಗಿ ಪೊಲೀಸರೇ ಬಂದರು. ಮನೆ ಜಾಲಾಡುವ ಕಷ್ಟವನ್ನು ನಾನು ಅವರಿಗೆ ಕೊಟ್ಟಿರಲಿಲ್ಲ. ನನ್ನ ಅರ್ಜಿ ಕೈಯಲ್ಲಿ ಹಿಡಿದು ನೇರ ಅಟ್ಟ ಹತ್ತಿ, ಮಡಕೆ ಇಳಿಸಿ, ಅಂಗಳದ ಕಲ್ಲಿಗೆ ಹೊಡೆದರು. ಮುದುಕಿಯೆಂದು ಗದರಿಸಿ ಬಿಟ್ಟುಹೋದರು. ನಾನು ಬೇಲಿಯ ಈಚೆ ನಿಂತಿದ್ದೆ. ಆ ಅರ್ಜಿ ನಾನು ಬರೆದದ್ದು ಎಂದು ಬಾಯಿ ಬಿಡಲಿಲ್ಲ. ನೌಕರಿಯ ಭಯ. ಅಜ್ಜಿಯೂ ನನ್ನ ಹೆಸರು ಹೇಳಲಿಲ್ಲ.

ಸಂಜೆ ಹೋದೆ. ಚೂರುಗಳನ್ನು ಆಯ್ದು ಮೊರಕ್ಕೆ ಹಾಕಿಕೊಂಡಿದ್ದಳು. ಹೊಸ ಮಡಕೆ ತಂದುಕೊಡುತ್ತೇನೆ ಅಂದೆ.

"ಏಳ್ವರ್ಸ ಬೇಕಲ್ಲ ಮೇಷ್ಟ್ರೇ ಪಳಗಾಕೆ. ನನ್ ತಾವ ಎಲ್ಲಿವೆ ಏಳ್ವರ್ಸ?" ಅಂದಳು. ಮೊರವನ್ನು ಬದಿಗೆ ಸರಿಸಿ, "ನಿಮ್ಮಕ್ಸರ ಬೋ ಸಂದಾಕದೆ ಅಂದ್ರು ಕಣಪ್ಪಾ, ಆ ಇನಸ್ಪೆಟ್ರು" ಅಂದಳು. ಕುಹಕವಿರಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದಳು. ನನಗೆ ತಡೆಯಲಾಗದಷ್ಟು ನಾಚಿಕೆಯಾಯಿತು.

ಮರುವರ್ಷ ಇಪ್ಪೆ ಹೂ ಯಥಾಪ್ರಕಾರ ಉದುರಿತು. ಯಾರೂ ಸೀರೆ ಹಾಸಲಿಲ್ಲ, ದನ ತಿಂದವು. ಅದರ ಮರುವರ್ಷ ಅಜ್ಜಿಯೂ ಇರಲಿಲ್ಲ...

ಮೊಮ್ಮಗ ಒಂದು ಗುಟುಕು ಲೋಟಕ್ಕೆ ಹಾಕಿ ಕೊಟ್ಟ. ನಾಲಿಗೆಗೆ ಇಟ್ಟುಕೊಂಡೆ.

"ಹೇಗಿದೆ ತಾತ?"

"ಮಡಕೆ ಪಳಗಿಲ್ಲ."

ಇದನ್ನು ಮಡಕೆಯಲ್ಲಿ ಇಳಿಸುವುದಿಲ್ಲ ತಾತ ಎಂದು ಅವನು ನಕ್ಕ. ಬಿಡಿಸಿ ಹೇಳಬೇಕೆಂದರೆ ಅರ್ಜಿಯ ವಿಷಯವನ್ನೂ ಹೇಳಬೇಕಿತ್ತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅವನಿಗೂ ಹೇಳಲಿಲ್ಲ.