ಏಳನೆಯವಳ ಎಂಟು ಗಂಟೆ

ಪಶುವೈದ್ಯ ಕಾಲೇಜಿನ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಬೆಕ್ಕುಗಳಿದ್ದವು. ರಕ್ತ ತೆಗೆಯುವಾಗ ಅವುಗಳನ್ನು ಹಿಡಿದುಕೊಳ್ಳುವುದು ಅಲ್ಲಿನ ಸಹಾಯಕಿಯ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿ, ಹೆತ್ತವರು ಇಟ್ಟ ಹೆಸರು ಮೂಲೆ ಸೇರಿ, ಎಲ್ಲರ ಬಾಯಲ್ಲೂ ಬೆಕ್ಕಿನಕ್ಕನಾಗಿದ್ದಳು. ಹಿಡಿಯುವುದೆಂದರೆ ಅದುಮುವುದಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ, ಗದ್ದದ ಕೆಳಗೆ ಎರಡು ಬೆರಳಿಟ್ಟು, ಅದರ ಉಸಿರಿಗೆ ತನ್ನ ಉಸಿರು ಕೂಡಿಸಬೇಕು. ಅಷ್ಟರಲ್ಲಿ ಡಾಕ್ಟರಮ್ಮ ಮುಂಗಾಲಿಗೆ ಕೂರಿಸಿದ್ದ ಸಣ್ಣ ನಳಿಕೆಯಿಂದ ನಾಲ್ಕು ಹನಿ ರಕ್ತ ತೆಗೆದುಬಿಡುತ್ತಿದ್ದರು.

ಬೆಕ್ಕಿನ ಮೈಯಲ್ಲಿ ಹಾರ್ಮೋನುಗಳು ಯಾವ ಹೊತ್ತಿಗೆ ಏರುತ್ತವೆ, ಯಾವ ಹೊತ್ತಿಗೆ ಇಳಿಯುತ್ತವೆ ಎಂಬುದು ಆ ವರ್ಷದ ಅಧ್ಯಯನ. ಬೆಳಗಿನ ಆರರಿಂದ ಸಂಜೆಯ ಆರರವರೆಗೆ ಎರಡು ಗಂಟೆಗೊಮ್ಮೆ ರಕ್ತ. ಆರರ ಸರದಿಗೆ ಹಿಡಿಯುವವನು ಗೇಟಿನವನು. ಎಂಟಕ್ಕೆ ಬೆಕ್ಕಿನಕ್ಕ ಬರುತ್ತಿದ್ದಳು. ಕಾರಿಡಾರಿನ ತಿರುವಿನಲ್ಲಿ ಅವಳ ಚಪ್ಪಲಿ ಸದ್ದಾದರೆ ಸಾಕು, ಏಳನೆಯ ಗೂಡಿನ ಬೂದುಬಣ್ಣದ ಹೆಣ್ಣುಬೆಕ್ಕು ಎದ್ದು ಸರಳಿಗೆ ಮೂಗು ಒತ್ತಿ ನಿಲ್ಲುತ್ತಿತ್ತು. ಕೂಗುತ್ತಿರಲಿಲ್ಲ.

"ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತಾರೆ. ನಿನ್ನ ಏಳನೆಯವಳು ಗಂಟೆ ನೋಡ್ಕೊಂಡೇ ಏಳ್ತಾಳಲ್ಲಕ್ಕ!" ಎಂದು ಗೇಟಿನವನು ನಗುತ್ತಿದ್ದ.

"ಮತ್ತೆ ನಿನ್ನ ಹಾಗೆ ಕುರ್ಚಿ ಮೇಲೆ ತೂಕಡಿಸ್ತಾಳಾ?"

ಅಧ್ಯಯನ ಮುಗಿದ ಮೇಲೆ ಬೆಕ್ಕುಗಳನ್ನು ಬೇಕೆಂದವರ ಮನೆಗೆ ಕೊಡುವುದೆಂದು ತೀರ್ಮಾನವಾಗಿತ್ತು. ಏಳನೆಯವಳು ತನಗೇ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಮಗಳ ಮದುವೆಯಾದ ಮೇಲೆ, ತನ್ನ ಸದ್ದು ಕೇಳಿ ಎದ್ದು ಬರುವ ಜೀವ ಅವಳ ಮನೆಯಲ್ಲಿ ಇನ್ನೊಂದಿರಲಿಲ್ಲ.

ಕೊನೆಯ ವಾರ ಡಾಕ್ಟರಮ್ಮ ಮೇಜಿನ ಮೇಲೆ ಗ್ರಾಫ್ ಹರಡಿದರು. "ನೋಡಿ ಅಕ್ಕ, ನಮ್ಮ ಹಾಗೆ ಬೆಳಗ್ಗೆ ಏರಿ ಸಂಜೆ ಇಳಿಯೋದು ಇವುಗಳಲ್ಲಿ ಅಷ್ಟಾಗಿ ಕಾಣ್ಲಿಲ್ಲ. ಏಳನೆಯದರಲ್ಲಿ ಮಾತ್ರ ದಿನಾ ಎಂಟಕ್ಕೆ ಗೆರೆ ಮೇಲಕ್ಕೆ ಜಿಗಿಯುತ್ತೆ. ಒತ್ತಡದ ಹಾರ್ಮೋನು. ನಿಮ್ಮ ರಜೆ ದಿನ ಏನೂ ಇಲ್ಲ."

"ಒತ್ತಡ ಅಂದ್ರೆ?"

"ಭಯ ಆದಾಗ ಏರುತ್ತಲ್ಲ, ಅದು," ಎನ್ನುವಷ್ಟರಲ್ಲಿ ಫೋನು ಬಂತು. ಅವರು ಹೊರಗೆ ಹೋದರು.

ಬೆಕ್ಕಿನಕ್ಕ ಆ ಗೆರೆಯನ್ನೇ ನೋಡುತ್ತ ನಿಂತಳು. ಇಷ್ಟು ದಿನ ಪ್ರೀತಿ ಎಂದುಕೊಂಡದ್ದು ನಡುಕವಾಗಿತ್ತೇ? ಡಾಕ್ಟರಮ್ಮನನ್ನು ಮತ್ತೆ ಕೇಳಿ ಹೌದೆನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ವಾಸಿ ಎನಿಸಿತು. ಮರುದಿನ ಆಫೀಸಿನ ಟೈಪಿಸ್ಟಳಿಗೆ, "ನಮ್ಮನೇಲಿ ಜಾಗ ಇಲ್ಲಮ್ಮ, ನೀನೇ ಕರ್ಕೊಂಡು ಹೋಗು," ಎಂದು ಸುಳ್ಳು ಹೇಳಿದಳು. ಹೊರಡುವ ಹೊತ್ತಿನಲ್ಲಿ ತನ್ನ ಸದ್ದಿಗೆ ಅದು ಹೆದರಬಾರದೆಂದು, ಬೆಕ್ಕನ್ನು ಒಯ್ಯುವ ದಿನ ರಜೆಯನ್ನೂ ಹಾಕಿದಳು.

ಎರಡು ತಿಂಗಳ ಮೇಲೆ ವರದಿ ಅಚ್ಚಾಗಿ ಬಂತು. ಡಾಕ್ಟರಮ್ಮ ಅದನ್ನು ತೋರಿಸುತ್ತ, "ನಿಮ್ಮ ಏಳನೆಯದರ ಬಗ್ಗೆ ಒಂದು ಪುಟಾನೇ ಇದೆ. ನಿಮಗೋಸ್ಕರ ಕಾಯ್ತಿತ್ತು ಅನ್ಸುತ್ತೆ," ಎಂದರು.

"ಭಯ ಅಂದಿದ್ರಲ್ಲ?"

"ಭಯಕ್ಕೂ ಏರುತ್ತೆ, ಕಾತರಕ್ಕೂ ಏರುತ್ತೆ. ರಕ್ತ ನೋಡಿದ್ರೆ ಯಾವುದು ಅಂತ ಗೊತ್ತಾಗಲ್ಲ. ಹೆದರಿದ ಬೆಕ್ಕು ಗೂಡಿನ ಮೂಲೆ ಸೇರುತ್ತೆ ಅಕ್ಕ, ಬಾಗಿಲಿಗೆ ಬರುತ್ತಾ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅದು?"

ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಗೊತ್ತಿತ್ತು. ಕೈಗೆ ಗೊತ್ತಿದ್ದದ್ದನ್ನು ಬಿಟ್ಟು ಕಾಗದ ಹೇಳಿದ್ದನ್ನು ನಂಬಿದ್ದಳು.

ಆ ಭಾನುವಾರ ಮುಚ್ಚಳದ ಬುಟ್ಟಿಯೊಂದನ್ನು ಹಿಡಿದು ಟೈಪಿಸ್ಟಳ ಮನೆಗೆ ಹೋದಳು. ವಾಪಸು ಕೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಬೆಕ್ಕು ಟೈಪಿಸ್ಟಳ ಅತ್ತೆಯ ಮಡಿಲಲ್ಲಿ ಮಲಗಿತ್ತು. ಆ ಮುದುಕಿಗೆ ಕಣ್ಣು ಮಂಜು. ಬೆರಳು ಮಾತ್ರ ಬೆಕ್ಕಿನ ಕಿವಿಯ ಹಿಂದೆ ಆಡುತ್ತಲೇ ಇತ್ತು.

"ಮೊದಲೆಲ್ಲ ಬೆಳಗಾದ್ರೆ ಬಾಗಿಲ ಹತ್ರಾನೇ ಕೂತಿರ್ತಿತ್ತು, ಊಟಾನೂ ಬಿಟ್ಟಿತ್ತು," ಎಂದಳು ಟೈಪಿಸ್ಟಳು. "ಯಾಕೋ ಏನೋ. ಈಗ ನಮ್ಮತ್ತೇನ ಹಚ್ಕೊಂಡಿದೆ. ಬುಟ್ಟೀಲಿ ಏನು ತಂದ್ರಿ ಅಕ್ಕ?"

"ಏನಿಲ್ಲಮ್ಮ. ಪೇಟೆಗೆ ಹೊರಟಿದ್ದೆ."

ಬೆಕ್ಕು ಒಂದು ಕಣ್ಣು ತೆರೆದು ಅವಳನ್ನು ನೋಡಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಅದು ಎದ್ದುಬಿಡುವ ಮುನ್ನವೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲಿಳಿದಳು.